ಹಳೆಯ ಜೈನ ಬೋರ್ಡಿಂಗುಗಳ ಜೀರ್ಣೋದ್ಧಾರ: ಕೆಡವುವ ಮುನ್ನ

ಬಸದಿಯ ಜೀರ್ಣೋದ್ಧಾರವೆಂದರೆ ಸಮಾಜ ಬಾಂಧವರು ಕೈತುಂಬ ದಾನ ಕೊಡುತ್ತಾರೆ. ಆದರೆ ಹಿರಿಯರು ಮಕ್ಕಳ ಓದಿಗಾಗಿ ಕಟ್ಟಿಸಿದ ಬೋರ್ಡಿಂಗು ಸೋರತೊಡಗಿದರೆ ಸಭೆಯಲ್ಲಿ ಮೊದಲು ಬರುವ ಮಾತು, ಕೆಡವಿ ಕಾಂಪ್ಲೆಕ್ಸ್ ಕಟ್ಟೋಣ ಎಂಬುದು.

1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯ ಮುಖ್ಯ ಕೆಲಸವೇ ಶಿಕ್ಷಣ. ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳು ಎದ್ದದ್ದು ಆ ಕಾಲದ ಹುರುಪಿನಿಂದ. ಕೊಲ್ಹಾಪುರದ ಬೋರ್ಡಿಂಗಿನಲ್ಲಿದ್ದು ಓದಿದ ಭಾವುರಾವ ಪಾಟೀಲರು 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ವಸತಿಗೃಹ ತೆರೆದರು. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಕೋಣೆ ಸಿಕ್ಕರೂ ಸೋಸಿದ ನೀರು, ಕಂದಮೂಲವಿಲ್ಲದ ಅಡಿಗೆ, ಸೂರ್ಯಾಸ್ತಕ್ಕೆ ಮುಂಚಿನ ಊಟ ಸಿಗುತ್ತಿರಲಿಲ್ಲ. ಇಂದಿಗೂ ರಾಂಪುರ, ಮೊಳಕಾಲ್ಮುರು, ಚಳ್ಳಕೆರೆ ಕಡೆಯಿಂದ ಬಳ್ಳಾರಿಗೋ ಚಿತ್ರದುರ್ಗಕ್ಕೋ ಓದಲು ಹೋಗುವ ಶ್ರಾವಕರ ಮಕ್ಕಳಿಗೆ ಅದೇ ತೊಡಕು.

ಇನ್ನು ಕಟ್ಟಡದ ಮಾತು. ಹಳೆಯ ಬೋರ್ಡಿಂಗುಗಳ ಗೋಡೆ ಹೆಚ್ಚಾಗಿ ಸುಣ್ಣದ ಗಾರೆಯದು. ಸುಣ್ಣದ ಗೋಡೆ ತೇವ ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು ಉಪ್ಪು ಹೂವು ಬಿಡುತ್ತದೆ, ಒಂದೆರಡು ಮಳೆಗಾಲದಲ್ಲಿ ಪದರವೇ ಕಳಚಿ ಬೀಳುತ್ತದೆ. ಆಗ ಜನ 'ಗೋಡೆ ಸತ್ತಿದೆ' ಎನ್ನುತ್ತಾರೆ. ಗೋಡೆ ಸತ್ತಿಲ್ಲ, ಉಸಿರು ಕಟ್ಟಿದೆ! ಚೆನ್ನಾಗಿ ನೆನೆಸಿ ಅರಳಿಸಿದ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿಸಿದ ಗಾರೆಯೇ ಇದಕ್ಕೆ ಮದ್ದು. ಅದಕ್ಕೂ ಮುಂಚೆ ಮಾಳಿಗೆಯ ನೀರು ಹೋಗುವ ದಾರಿ ಸರಿಪಡಿಸಿ, ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗವನ್ನು ಬಡಿದು ನೋಡಬೇಕು. ಗೆದ್ದಲು ಹಿಡಿಯುವುದು ಅಲ್ಲೇ. ರಾಂಪುರದ ಕಡೆಯ ಮಾಳಿಗೆ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಳೆಗೆ ಮುಂಚೆ ಚೌಳು ಮಣ್ಣು ಹಾಕದಿದ್ದರೆ ಸೋರುತ್ತದೆ, ಹಾಗೆಂದು ಯಾರೂ ಮನೆ ಕೆಡವುವುದಿಲ್ಲ.

ಬೋರ್ಡಿಂಗು ಸಂರಕ್ಷಿತ ಸ್ಮಾರಕವಾದ ಬಸದಿಯ ಪಕ್ಕದಲ್ಲಿದ್ದರೆ ದುರಸ್ತಿಗೂ ಅನುಮತಿ ಬೇಕಾದೀತು, ಮೊದಲೇ ವಿಚಾರಿಸಬೇಕು. ದಾನಿಗಳ ಕಲ್ಲಿನ ಫಲಕಗಳ ಮೇಲೆ ಬಣ್ಣ ಬಳಿಯಬಾರದು. ಟ್ರಸ್ಟಿಗೆ 80ಜಿ ಮಾನ್ಯತೆ ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ತೆರಿಗೆ ರಿಯಾಯಿತಿ ಇಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಪಡೆಯುವುದು ಲೇಸು.

ಬಾಡಿಗೆಯ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ರಸ್ತೆ ಬದಿಯಲ್ಲಿ ಖಾಲಿ ಜಾಗವಿದ್ದರೆ ಮೂರು ನಾಲ್ಕು ಮಳಿಗೆ ಕಟ್ಟಿ, ಆ ಬಾಡಿಗೆಯನ್ನು ಬೋರ್ಡಿಂಗಿನ ದುರಸ್ತಿಗೇ ಮೀಸಲಿಡಬಹುದು.

ಹಳೆಯ ವಿದ್ಯಾರ್ಥಿಗಳು ಬಂದರೆ ಜಗಲಿ ಹಾಗೇ ಇರಲಿ ಎನ್ನುತ್ತಾರೆ. ಈಗಿನ ಹುಡುಗರು ಕೇಳುವುದು ಶೌಚಾಲಯ, ಬಿಸಿನೀರು, ಇಂಟರ್ನೆಟ್. ಎರಡೂ ಸರಿಯೇ. ಶೌಚಾಲಯವನ್ನು ಹಳೆ ಗೋಡೆ ಒಡೆಯದೆ ಹಿಂಬದಿಯಲ್ಲಿ ಬೇರೆಯಾಗಿ ಕಟ್ಟಬೇಕು. ವೈರಿಂಗ್ ಪೂರ್ತಿ ಹೊಸದಾಗಬೇಕು. ಆದರೆ ಹುಡುಗರು ಬೋರ್ಡಿಂಗು ಬಿಡಲು ಇನ್ನೊಂದು ಕಾರಣವಿದೆ: ಕೋಚಿಂಗ್ ತರಗತಿ ಮುಗಿಯುವುದು ಸಂಜೆ ಏಳಕ್ಕೆ, ಅಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಅಡುಗೆಮನೆ ಹೊಸದು ಮಾಡುವಾಗ ನಾಲ್ಕು ಗಂಟೆಗೇ ಡಬ್ಬಿ ಕಟ್ಟಿ ಕೊಡುವ ಏರ್ಪಾಡನ್ನೂ ಮಾಡಬೇಕು.