ಆಟದ ಒರೆಗಲ್ಲು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಬಯಲುಸೀಮೆಗೆ ಇಳಿಯುವ ಸೆರಗಿನಲ್ಲಿವೆ. ಆಷಾಢದ ಮಳೆ ಹಿಡಿಯಿತೆಂದರೆ ಗದ್ದೆಯ ಕೆಲಸದ ನಡುವೆ ಸಿಕ್ಕ ಬಿಡುವನ್ನು ಜಗಲಿಯ ಮೇಲೆಯೇ ಕಳೆಯಬೇಕು. ಅಳಗುಳಿಮಣೆ, ಚೌಕಾಬಾರ, ಹುಲಿಕುರಿ ಮೊದಲಾದವು ಅಂಥ ಬಿಡುವಿಗೆ ಒಪ್ಪುವ ಆಟಗಳು. ಇವುಗಳಿಗೆ ಬೇಕಾದ ಸಾಮಗ್ರಿ ಅತ್ಯಲ್ಪ. ಇದ್ದಿಲಿನಿಂದ ಎಳೆದ ನಾಲ್ಕು ಗೆರೆ, ಕೆಲವು ಕವಡೆ, ಒಂದು ಹಿಡಿ ಹುಣಸೆಬೀಜ ಇದ್ದರೆ ಆಟ ಸಿದ್ಧವಾದಂತೆ. ಇಂದು ಅದೇ ಜಗಲಿಯಲ್ಲಿ ಕುಳಿತ ಹುಡುಗನ ಕೈಯಲ್ಲಿ ಮೊಬೈಲ್ ಫೋನು ಇರುವುದೂ ಉಂಟು. ಅದರಲ್ಲಿ ಆರಿಸಿಕೊಳ್ಳಲು ಸಾವಿರಾರು ವಿಡಿಯೋ ಆಟಗಳಿವೆ. ಆದರೆ ಫೋನಿನಲ್ಲಿರುವ ಜಾಗವೂ ಹುಡುಗನಿಗೆ ದೊರೆಯುವ ಬಿಡುವೂ ಕೆಲವೇ ಆಟಗಳಿಗೆ ಸಾಕಾಗುವಂಥವು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಅಳಿಸಬೇಕು ಎಂಬ ಪ್ರಶ್ನೆ ಏಳುವುದು ಇಲ್ಲಿಯೇ.

ಆಟಗಳನ್ನು ಗಂಭೀರವಾಗಿ ಪರಿಗಣಿಸುವುದು ಈ ನಾಡಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿನಾಡಿನ ರಾಜಧಾನಿಯಾಗಿತ್ತು. ಆ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವು ಅರಸನು ತಿಳಿಯಬೇಕಾದ ವಿಷಯಗಳಲ್ಲಿ ಚದುರಂಗ ಮತ್ತು ಪಗಡೆಗಳನ್ನೂ ಸೇರಿಸಿದೆ. ಅರಮನೆಯ ಆಟಕ್ಕೆ ಗ್ರಂಥದ ಆಸರೆ ದೊರೆಯಿತು. ಹಳ್ಳಿಯ ಆಟಕ್ಕೆ ಅಂಥ ಆಸರೆ ಇರಲಿಲ್ಲ. ಅದು ಆಡುವವರ ನೆನಪಿನಲ್ಲಿಯೇ ಬದುಕಬೇಕಾಗಿತ್ತು. ರುಚಿಸದ ಆಟವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಹುಲಿಕುರಿ ಆಟವನ್ನೇ ನೋಡಬಹುದು. ಸಾಮಾನ್ಯವಾಗಿ ಒಬ್ಬನ ಪಾಲಿಗೆ ೩ ಹುಲಿ, ಇನ್ನೊಬ್ಬನ ಪಾಲಿಗೆ ೧೫ ಕುರಿ. ಗೆರೆಗಳು ಕೂಡುವ ಬಿಂದುಗಳ ಮೇಲೆ ಕುರಿಗಳನ್ನು ಒಂದೊಂದಾಗಿ ಇಡುತ್ತಾ ಹೋಗಬೇಕು. ಹುಲಿಯ ಪಕ್ಕದಲ್ಲಿ ಕುರಿಯಿದ್ದು, ಅದೇ ಗೆರೆಯಲ್ಲಿ ಅದರಾಚೆಯ ಬಿಂದು ಬರಿದಾಗಿದ್ದರೆ ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ತಿನ್ನುವ ಅಧಿಕಾರವಿಲ್ಲ. ಒಂದರ ಹಿಂದೆ ಇನ್ನೊಂದು ನಿಂತು, ಹುಲಿ ಅಲುಗಾಡದಂತೆ ಕಟ್ಟಿಹಾಕುವುದಷ್ಟೇ ಅದಕ್ಕಿರುವ ಬಲ. ಎರಡು ಪಕ್ಷಗಳಿಗೂ ಸಮಾನವಾದುದು ಇಲ್ಲಿ ಏನೂ ಇಲ್ಲ. ಆದರೂ ಚೆನ್ನಾಗಿ ಆಡುವವರ ನಡುವೆ ಯಾರು ಗೆಲ್ಲುವರೆಂದು ಮೊದಲೇ ಹೇಳುವುದು ಕಷ್ಟ. ಒಂದು ಆಟ ಮುಗಿದೊಡನೆ ಪಕ್ಷ ಬದಲಿಸಿಕೊಂಡರೆ, ಈಗ ತಾನೇ ಹುಲಿಯಾಗಿ ಗರ್ಜಿಸಿದವನು ಕುರಿಯ ಸಂಕಟವನ್ನು ಅರಿಯುತ್ತಾನೆ. ಹುಲಿ, ಕುರಿಗಳ ಲೆಕ್ಕವೂ ಮನೆಯ ವಿನ್ಯಾಸವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತವೆ. ಹುಲಿಗೇ ಸದಾ ಗೆಲುವಾಗುವುದು ಕಂಡರೆ ಕುರಿಗಳನ್ನು ಹೆಚ್ಚಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಹೀಗೆ ಆಡುವವನೇ ಪರೀಕ್ಷಕ, ಆಡುವವನೇ ತಿದ್ದುವವನು.

ಯಂತ್ರದ ಆಟದಲ್ಲಿ ಈ ಸೌಕರ್ಯವಿಲ್ಲ. ಅದರ ನಿಯಮಗಳು ಯಂತ್ರದೊಳಗೆ ಅಡಗಿರುತ್ತವೆ. ಸಾಮಾನ್ಯ ಆಟಗಾರನು ಅವುಗಳನ್ನು ತಿದ್ದಲಾರ. ಆದುದರಿಂದ ಮಾರಾಟಕ್ಕೆ ಮೊದಲೇ ಹಲವರಿಂದ ಆಡಿಸಿ ನೋಡುವುದು ಅವಶ್ಯಕ. ಇದಕ್ಕೆ ಕಾಲ ಕೊಡದಿದ್ದರೆ ಏನಾಗುವುದೆಂಬುದಕ್ಕೆ ಅಮೆರಿಕದ ಅಟಾರಿ ಸಂಸ್ಥೆಯ ಕಥೆ ಪ್ರಸಿದ್ಧವಾಗಿದೆ. ೧೯೮೨ರಲ್ಲಿ 'ಇ.ಟಿ.' ಎಂಬ ಚಲನಚಿತ್ರ ಭಾರಿ ಯಶಸ್ಸು ಗಳಿಸಿತು. ಕ್ರಿಸ್‌ಮಸ್ ವ್ಯಾಪಾರಕ್ಕೆ ಒದಗಬೇಕೆಂಬ ಅವಸರದಿಂದ ಅದೇ ಹೆಸರಿನ ಆಟವನ್ನು ಸುಮಾರು ಐದು ವಾರಗಳಲ್ಲಿ ಸಿದ್ಧಪಡಿಸಲಾಯಿತು. ಆಡಿದವರು ಮತ್ತೆ ಮತ್ತೆ ಗುಂಡಿಗೆ ಬೀಳುತ್ತಿದ್ದರು. ಏಕೆ ಬಿದ್ದೆವೆಂದು ಅನೇಕರಿಗೆ ತಿಳಿಯುತ್ತಲೇ ಇರಲಿಲ್ಲ. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾಗದೆ ಉಳಿದವು. ೧೯೮೩ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಅಟಾರಿಯ ಉಳಿದ ಸರಕನ್ನು ಹೂಳಲಾಯಿತು. ೨೦೧೪ರಲ್ಲಿ ಅಗೆದಾಗ ಸುಮಾರು ೧,೩೦೦ ಪೆಟ್ಟಿಗೆಗಳು ಹೊರಬಂದವು. ಅವುಗಳಲ್ಲಿ ಜನ ಮೆಚ್ಚಿದ ಆಟಗಳೂ ಇದ್ದವು! ಅಟಾರಿಯ ಪತನಕ್ಕೆ ಈ ಒಂದೇ ಆಟ ಕಾರಣವೆಂಬ ಮಾತು ಅತಿಯಾದುದು. ಪರೀಕ್ಷಿಸದ ಆಟಗಳಿಂದ ಮಾರುಕಟ್ಟೆಯೇ ಆಗ ತುಂಬಿ ತುಳುಕುತ್ತಿತ್ತು.

ಇದಾದ ಒಂದೆರಡು ವರ್ಷಗಳಲ್ಲಿ ಮಾಸ್ಕೋ ನಗರದ ವಿಜ್ಞಾನ ಅಕಾಡೆಮಿಯಲ್ಲಿದ್ದ ಅಲೆಕ್ಸಿ ಪಜಿತ್ನೊವ್ ಎಂಬಾತನು 'ಟೆಟ್ರಿಸ್' ಆಟವನ್ನು ರೂಪಿಸಿದನು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಇಳಿಯುತ್ತವೆ; ಅವುಗಳನ್ನು ತಿರುಗಿಸಿ ಸಾಲು ತುಂಬಿಸಬೇಕು. ಅಷ್ಟೇ. ಮೊದಲು ಆಡಿದವರು ಆತನ ಸಹೋದ್ಯೋಗಿಗಳು. ಬಳಿಕ ಜನರೇ ಪ್ರತಿ ಮಾಡಿಕೊಂಡು ಕೈಯಿಂದ ಕೈಗೆ ದಾಟಿಸಿದರು. ಹಳ್ಳಿಯ ಆಟ ಹಬ್ಬುವ ರೀತಿಯೂ ಇದೇ ಅಲ್ಲವೇ? ಅಮೆರಿಕದ ರಾಚೆಸ್ಟರ್ ನಗರದ ಆಟಗಳ ವಸ್ತುಸಂಗ್ರಹಾಲಯವು ಸ್ಮರಣೀಯ ವಿಡಿಯೋ ಆಟಗಳನ್ನು ಆರಿಸಿ ಗೌರವಿಸುವ ಪದ್ಧತಿಯನ್ನು ೨೦೧೫ರಲ್ಲಿ ಆರಂಭಿಸಿದಾಗ, ಮೊದಲು ಆಯ್ಕೆಯಾದ ಆರು ಆಟಗಳಲ್ಲಿ ಟೆಟ್ರಿಸ್ ಒಂದು. ಎಷ್ಟು ಕಾಲ ಜನ ಆಡಿದರು, ಎಷ್ಟು ದೇಶಗಳಿಗೆ ಹರಡಿತು, ಮುಂದಿನ ಆಟಗಳ ಮೇಲೆ ಯಾವ ಪ್ರಭಾವ ಬೀರಿತು ಎಂಬುದು ಅಲ್ಲಿನ ಅಳತೆಗೋಲು.

ಫೋನು ಹಿಡಿದ ವಿದ್ಯಾರ್ಥಿಗೆ ಅಷ್ಟು ಕಾಲ ಕಾಯಲು ಸಾಧ್ಯವಿಲ್ಲ. ಮೊದಲ ದಿನದ ಉತ್ಸಾಹವನ್ನು ನಂಬಿ ತೀರ್ಮಾನಿಸುವುದೂ ತರವಲ್ಲ. ಬಣ್ಣ ಮತ್ತು ಸದ್ದುಗಳಿಂದ ಯಾವ ಆಟವಾದರೂ ಒಂದು ಗಂಟೆ ಮರುಳುಗೊಳಿಸಬಲ್ಲದು. ನಾಲ್ಕಾರು ದಿನ ಬಿಟ್ಟು ಬಿಟ್ಟು ಆಡಿದಾಗ ಅದರ ಗುಣ ಹೊರಬೀಳುತ್ತದೆ. ಸೋತಾಗ ಎಲ್ಲಿ ತಪ್ಪಿದೆನೆಂದು ತಿಳಿಯುತ್ತದೆಯೇ ಎಂಬುದು ಮುಖ್ಯವಾದ ಪರೀಕ್ಷೆ. ತಿಳಿದರೆ ಮುಂದಿನ ಸಲ ಜಾಣ್ಮೆ ಬೆಳೆಯುತ್ತದೆ. ತಿಳಿಯದಿದ್ದರೆ ಬೆಳೆಯುವುದು ಸಿಟ್ಟು ಮಾತ್ರ. ಉಚಿತವೆಂದು ಬರುವ ಅನೇಕ ಆಟಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲವು ಹಂತಗಳು ಸುಲಭವಾಗಿ ದಾಟುತ್ತವೆ. ಆಮೇಲೆ ದಾರಿ ಬಿಗಿಯಾಗುತ್ತದೆ. ಹಣ ತೆತ್ತರೆ, ಇಲ್ಲವೆ ಜಾಹೀರಾತು ನೋಡಿದರೆ ಮಾತ್ರ ಅದು ಸಡಿಲವಾಗುತ್ತದೆ. ಅಲ್ಲಿ ಗೆಲ್ಲುವುದು ಕೌಶಲವೋ ಹಣದ ಚೀಲವೋ ಎಂಬುದನ್ನು ಗಮನಿಸಬೇಕು. ಹಣವನ್ನೇ ಪಣವಾಗಿ ಒಡ್ಡುವ ಆಟಗಳ ಮಾತಂತೂ ಬೇರೆಯೇ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಭಾರತದ ಸಂಸತ್ತು ೨೦೨೫ರಲ್ಲಿ ಅಂಗೀಕರಿಸಿತು. ಊಟಕ್ಕೆ ಕರೆ ಬಂದಾಗ ಆಟವನ್ನು ನಿಲ್ಲಿಸಿ ಏಳಲು ಆಗುತ್ತದೆಯೇ ಎಂಬುದನ್ನೂ ನೋಡುವುದು ಒಳ್ಳೆಯದು. ಕವಡೆಗಳನ್ನು ಎತ್ತಿಟ್ಟರೆ ಚೌಕಾಬಾರ ಮುಗಿಯಿತು. ಯಾರೂ ಮರುದಿನ ಬೆಳಿಗ್ಗೆ ಗಂಟೆ ಬಾರಿಸಿ ಅದಕ್ಕೆ ಕರೆಯುವುದಿಲ್ಲ.

ಇಟ್ಟುಕೊಳ್ಳಬೇಕೆಂದು ಬಯಸಿದ ಆಟವೂ ಕೈಯಲ್ಲಿ ಉಳಿಯುವುದೆಂಬ ಭರವಸೆಯಿಲ್ಲ. ೨೦೦೯ರಲ್ಲಿ ಆರಂಭವಾದ 'ಫಾರ್ಮ್‌ವಿಲ್' ಎಂಬ ಬೇಸಾಯದ ಆಟವನ್ನು ಕೋಟ್ಯಂತರ ಜನ ಆಡಿದರು. ೨೦೨೦ರ ಡಿಸೆಂಬರ್ ೩೧ರಂದು ಅದನ್ನು ಮುಚ್ಚಲಾಯಿತು. ವರ್ಷಗಟ್ಟಲೆ ಉತ್ತು ಬಿತ್ತಿದ ಹೊಲಗಳೆಲ್ಲ ಒಂದೇ ದಿನ ಇಲ್ಲವಾದವು. ಅಳಗುಳಿಮಣೆಗೆ ಒದಗುವ ಆಪತ್ತು ಬೇರೆ ಬಗೆಯದು. ಮರದ ಮಣೆ ಅಟ್ಟದ ಮೇಲೆ ಕೆಡದೆ ಉಳಿದೀತು. ಆದರೆ ಆಡುವ ಕ್ರಮ ತಿಳಿದವರು ಇಲ್ಲದಾದರೆ ಅದು ಗುಳಿಗಳಿರುವ ಬರಿಯ ಹಲಗೆ. ಆದುದರಿಂದ ಮನೆಯ ಅಜ್ಜಿಯೊಡನೆ ಕುಳಿತು ಒಂದೆರಡು ಸಲವಾದರೂ ಆಡಿ, ಗುಳಿಗೆ ಎಷ್ಟು ಕಾಳು, ಎಲ್ಲಿ ನಿಲ್ಲಬೇಕು, ಕೊನೆಯಲ್ಲಿ ಉಳಿದ ಕಾಳು ಯಾರಿಗೆ ಸೇರಬೇಕು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಪಕ್ಕದ ಊರಿನ ಕ್ರಮ ಬೇರೆಯಾಗಿದ್ದರೆ ಅದನ್ನೂ ಆಡಿ ನೋಡಬಹುದು.