ಜಿಲ್ಲೆಗಳ ಪಟ್ಟಿ ಎಲ್ಲಿರಬೇಕು?

ಸಾಫ್ಟ್‌ವೇರ್ ಬರೆಯುವವರ ಮುಂದೆ ಮೇಲಿಂದ ಮೇಲೆ ಬರುವ ಪ್ರಶ್ನೆ ಇದು: ಒಂದು ಪಟ್ಟಿಯನ್ನು ಪ್ರೋಗ್ರಾಮಿನೊಳಗೇ ಬರೆದಿಡುವುದೋ, ಡೇಟಾಬೇಸಿನ ಒಂದು ಟೇಬಲ್‌ನಲ್ಲಿಡುವುದೋ? ಮೊದಲನೆಯದಕ್ಕೆ ಎನಮ್ ಎನ್ನುತ್ತಾರೆ, ಎರಡನೆಯದಕ್ಕೆ ಲುಕಪ್ ಟೇಬಲ್.

ಕರ್ನಾಟಕದ ಜಿಲ್ಲೆಗಳನ್ನೇ ನೋಡಿ. 2020ರಲ್ಲಿ ಇದ್ದದ್ದು 30. ಅವನ್ನು ಅಕಾರಾದಿಯಾಗಿ ಎನಮ್‌ನಲ್ಲಿ ಬರೆದು, ಜನರ ಪ್ರತಿ ಅರ್ಜಿಯ ಜೊತೆ ಡೇಟಾಬೇಸಿಗೆ ಜಿಲ್ಲೆಯ ಹೆಸರಿನ ಬದಲು ಕ್ರಮಸಂಖ್ಯೆಯನ್ನಷ್ಟೇ ಕಳಿಸಿದ್ದೀರಿ ಎಂದುಕೊಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ 31ನೇ ಜಿಲ್ಲೆಯಾಯಿತು. ಅಕಾರಾದಿಯಲ್ಲಿ ಅದರ ಜಾಗ ವಿಜಯಪುರಕ್ಕಿಂತ ಮುಂಚೆ. ಅಲ್ಲಿ ಸೇರಿಸಿದಿರೋ, ವಿಜಯಪುರದವರ ಹಳೆಯ ಅರ್ಜಿಗಳೆಲ್ಲ ವಿಜಯನಗರದವಾಗುತ್ತವೆ, ಶಿವಮೊಗ್ಗದವು ವಿಜಯಪುರದವಾಗುತ್ತವೆ. ಕಂಪ್ಯೂಟರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇದಕ್ಕಿಂತ ಅಪಾಯದ ತಪ್ಪು ನನಗೆ ತೋರದು, ಯಾಕೆಂದರೆ ತಪ್ಪಾಗಿದೆ ಎಂದು ಯಾರಿಗೂ ಗೊತ್ತಾಗುವುದೇ ಇಲ್ಲ.

ಟೇಬಲ್‌ನಲ್ಲಿ ಪ್ರತಿ ಜಿಲ್ಲೆಗೂ ಎಂದೂ ಬದಲಾಗದ ಒಂದು ಸಂಖ್ಯೆ ಇರುತ್ತದೆ. ಹೊಸ ಜಿಲ್ಲೆ ಬಂದರೆ ಒಂದು ಸಾಲು ಸೇರಿಸಿದರಾಯಿತು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾದಾಗ ಅಂಥ ಟೇಬಲ್ ಇದ್ದ ಕಡೆ ಒಂದೇ ಸಾಲು ತಿದ್ದಿದರೆ ಸಾಕಿತ್ತು. ಜಿಲ್ಲೆ ಯಾವ ದಿನದಿಂದ ಜಾರಿಗೆ ಬಂತು ಎಂಬುದಕ್ಕೂ ಒಂದು ಕಾಲಂ ಇಡಬಹುದು; ಈಗ ವಿಜಯನಗರ ಜಿಲ್ಲೆಯಲ್ಲಿರುವ ಹೊಸಪೇಟೆ 2020ರ ಅರ್ಜಿಯಲ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಇರಬೇಕಲ್ಲವೇ? ಟೇಬಲ್‌ನಲ್ಲಿಲ್ಲದ ಸಂಖ್ಯೆಯನ್ನು ಯಾರಾದರೂ ತುಂಬಿಸಲು ಹೋದರೆ ಫಾರಿನ್ ಕೀ ಎಂಬ ಡೇಟಾಬೇಸ್ ನಿಯಮ ತಡೆಯುತ್ತದೆ.

ಹಾಗೆಂದು ಎನಮ್ ಕೈಬಿಡುವಂಥದ್ದಲ್ಲ. ಅರ್ಜಿಯ ಸ್ಥಿತಿಯನ್ನು ತೆಗೆದುಕೊಳ್ಳಿ: ಸಲ್ಲಿಕೆ, ಪರಿಶೀಲನೆ, ಮಂಜೂರು, ತಿರಸ್ಕೃತ. ಒಂದೊಂದಕ್ಕೂ ಪ್ರೋಗ್ರಾಮ್ ಬೇರೆ ಬೇರೆ ಕೆಲಸ ಮಾಡುತ್ತದೆ. ಟೇಬಲ್‌ಗೆ ‘ತಡೆಹಿಡಿದಿದೆ’ ಎಂಬ ಸಾಲು ಸೇರಿಸಿದ ಮಾತ್ರಕ್ಕೆ ಏನು ಮಾಡಬೇಕೆಂದು ಪ್ರೋಗ್ರಾಮಿಗೆ ತಿಳಿಯುವುದಿಲ್ಲ, ಹೇಗೂ ಕೋಡ್ ಬರೆಯಲೇಬೇಕು. ಇಲ್ಲಿ ಎನಮ್ ಸರಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಜಾವಾದಂಥ ಭಾಷೆಯಲ್ಲಿ ಕಂಪೈಲರ್ ಮುಂದೆ ಹೋಗಲು ಬಿಡುವುದಿಲ್ಲ.

ಡೇಟಾಬೇಸಿನೊಳಗೇ ಎನಮ್ ಮಾಡುವ ದಾರಿಯೂ ಉಂಟು. ಪೋಸ್ಟ್‌ಗ್ರೆಸ್‌ನಲ್ಲಿ ಹಾಗೆ ಮಾಡಿದರೆ ಹೊಸ ಹೆಸರು ಸೇರಿಸಬಹುದು, ಇದ್ದುದನ್ನು ಬದಲಿಸಬಹುದು. ಒಮ್ಮೆ ಸೇರಿಸಿದ್ದನ್ನು ತೆಗೆಯಲು ಮಾತ್ರ ಆಗದು.

ಪಟ್ಟಿ ಬದಲಾಗುವುದು ಸರ್ಕಾರದ ಅಧಿಸೂಚನೆಯಿಂದಲೋ, ನಿಮ್ಮ ಕೋಡಿನಿಂದಲೋ ಎಂದು ಮೊದಲು ಕೇಳಿಕೊಳ್ಳಿ. ಅಧಿಸೂಚನೆಯಿಂದಾದರೆ ಟೇಬಲ್ ಮಾಡಿ. ಎನಮ್ ಮಾಡಿದಿರಾದರೆ, ದಯವಿಟ್ಟು ಕ್ರಮಸಂಖ್ಯೆಯನ್ನು ಡೇಟಾಬೇಸಿಗೆ ಕಳಿಸಬೇಡಿ.