ನೇರ ಹೊಲಿಗೆಯ ಯಂತ್ರದಲ್ಲಿ ಕಾಜವೂ ಜಿಪ್ಪೂ

ನಮ್ಮ ಪಟ್ಟಣಗಳ ದರ್ಜಿಯಂಗಡಿಗಳಲ್ಲಿಯೂ ಹಳೆಯ ಮನೆಗಳ ಕಿಟಕಿಯ ಬದಿಯಲ್ಲಿಯೂ, ಕರಿಯ ಮೈಮೇಲೆ ಹೊಂಬಣ್ಣದ ಬಳ್ಳಿಯ ಚಿತ್ತಾರವನ್ನು ಧರಿಸಿ, ಕಾಲಿನ ತುಳಿತಕ್ಕೆ ಇಂದಿಗೂ ತಪ್ಪದೆ ನಡೆಯುತ್ತಿರುವ ಹೊಲಿಗೆಯ ಯಂತ್ರಗಳು ಸ್ವಭಾವತಃ ಬಲ್ಲ ವಿದ್ಯೆ ಒಂದೇ. ಅದು ನೇರವಾದ ಹೊಲಿಗೆ. ಅವುಗಳ ಸೂಜಿ ಏರುತ್ತದೆ, ಇಳಿಯುತ್ತದೆ. ಎಡಕ್ಕಾಗಲಿ ಬಲಕ್ಕಾಗಲಿ ಸರಿಯುವುದಿಲ್ಲ. ಕಾಜವಾದರೋ ಸೀಳಿನ ಎರಡು ಅಂಚುಗಳನ್ನೂ ಅಡ್ಡಡ್ಡಲಾಗಿ ಒತ್ತೊತ್ತಾಗಿ ಕಟ್ಟುವ ಹೊಲಿಗೆಯನ್ನು ಬಯಸುತ್ತದೆ. ಜಿಪ್ಪು ಲೋಹದ ಹಲ್ಲುಗಳಿಗೆ ಕೂದಲೆಳೆಯಷ್ಟು ದೂರದಲ್ಲಿ ಸಾಗುವ ಹೊಲಿಗೆಯನ್ನು ಬಯಸುತ್ತದೆ. ಹೀಗಿದ್ದೂ ಇವೆರಡು ಕೆಲಸಗಳನ್ನೂ ಆ ಹಳೆಯ ಯಂತ್ರದಿಂದಲೇ ಅಚ್ಚುಕಟ್ಟಾಗಿ ಮಾಡಿಸಿಕೊಳ್ಳಬಹುದೆಂಬುದನ್ನೂ, ಅದಕ್ಕೆ ಬೇಕಾದ ಹೊಂದಾಣಿಕೆಯ ಕ್ರಮವನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಅಮೆರಿಕದ ಎಲಿಯಾಸ್ ಹೋವ್ ಎಂಬಾತನು ತುದಿಯಲ್ಲಿ ಕಣ್ಣುಳ್ಳ ಸೂಜಿಯಿಂದಲೂ ಶಟಲಿನಿಂದಲೂ ಎರಡು ದಾರಗಳನ್ನು ಬಟ್ಟೆಯಲ್ಲಿ ಬೆಸೆಯುವ ಯಂತ್ರಕ್ಕೆ 1846ರಲ್ಲಿ ಪೇಟೆಂಟನ್ನು ಪಡೆದನು. 1851ರಲ್ಲಿ ಐಸಾಕ್ ಸಿಂಗರನು ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಹೊಲಿಗೆಯ ಯಂತ್ರವು ಲೋಕದ ಮನೆಮನೆಯನ್ನೂ ಪ್ರವೇಶಿಸಿತು. ಸಿಂಗರ್ ಕಂಪನಿಯ ಹದಿನೈದನೆಯ ವರ್ಗವೆಂಬ ಮಾದರಿಯು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಪಟ್ಟಣದ ಕಿಲ್‌ಬೋವಿ ಕಾರ್ಖಾನೆಯಿಂದಲೂ ಬೇರೆಡೆಗಳಿಂದಲೂ ದೇಶದೇಶಗಳಿಗೆ ಹೋಯಿತು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರವನ್ನು ತಯಾರಿಸತೊಡಗಿದ ಮೇಲೆ ಈ ವಿದ್ಯೆ ನಮ್ಮ ದೇಶದಲ್ಲಿಯೇ ಬೇರೂರಿತು. ಯಂತ್ರನಾಗರಿಕತೆಯನ್ನು ಕಟುವಾಗಿ ವಿಮರ್ಶಿಸಿದ ಗಾಂಧೀಜಿಯವರು ಕೂಡ, 1924ರ ಒಂದು ಸಂಭಾಷಣೆಯಲ್ಲಿ, ಮನುಷ್ಯನನ್ನು ಮೂಲೆಗೊತ್ತದೆ ಅವನ ಶ್ರಮವನ್ನು ಹಗುರಗೊಳಿಸುವ ಯಂತ್ರಕ್ಕೆ ನಿದರ್ಶನವಾಗಿ ಸಿಂಗರ್ ಹೊಲಿಗೆಯ ಯಂತ್ರವನ್ನೇ ಎತ್ತಿಹಿಡಿದರು.

ಕಾಜಕ್ಕಾಗಲಿ ಜಿಪ್ಪಿಗಾಗಲಿ ತೊಡಗುವ ಮುನ್ನ ಯಂತ್ರದ ನೇರ ಹೊಲಿಗೆಯು ನಿರ್ದುಷ್ಟವಾಗಿರತಕ್ಕದ್ದು. ಏಕೆಂದರೆ ಮೂಲದಲ್ಲಿರುವ ಅಲ್ಪದೋಷವು ಒತ್ತಾದ ಹೊಲಿಗೆಯಲ್ಲಿ ಹತ್ತುಮಡಿಯಾಗಿ ತೋರುತ್ತದೆ. ಬಟ್ಟೆಯನ್ನು ಮುಂದೆ ಸಾಗಿಸುವ ಹಲ್ಲುಗಳ ನಡುವೆಯೂ ಶಟಲಿನ ಸುತ್ತಲೂ ಸೇರಿಕೊಂಡ ನೂಲಿನ ಧೂಳನ್ನು ತೆಗೆದು, ಎಣ್ಣೆಯ ರಂಧ್ರಗಳಿಗೆ ಒಂದೊಂದು ತೊಟ್ಟು ಮಿಷನ್ ಎಣ್ಣೆಯನ್ನು ಬಿಟ್ಟು, ಹೊಸ ಸೂಜಿಯನ್ನು ತೊಡಿಸಬೇಕು. ದಾರವು ಯಾವ ಬದಿಯಿಂದ ಕಣ್ಣನ್ನು ಪ್ರವೇಶಿಸುವುದೋ ಆ ಬದಿಗೆ ಸೂಜಿಯ ಉದ್ದನೆಯ ಗೀರು ಇರಬೇಕೆಂಬುದು ಎಲ್ಲ ಮಾದರಿಗಳಿಗೂ ಸಲ್ಲುವ ನಿಯಮ. ಬಳಿಕ ಟೆನ್ಷನ್, ಎಂದರೆ ದಾರದ ಬಿಗಿತ. ದಾರದ ತುದಿಯನ್ನು ಹಿಡಿದು ತೂಗಬಿಟ್ಟ ಬಾಬಿನ್ ಕೇಸು ತನ್ನ ಭಾರಕ್ಕೆ ತಾನೇ ಜಾರಬಾರದು. ಕೈಯನ್ನು ಮೆಲ್ಲನೆ ಕುಲುಕಿದಾಗ ಮಾತ್ರ ಸ್ವಲ್ಪ ಇಳಿದು ನಿಲ್ಲಬೇಕು. ಈ ಕೇಸಿನ ಪುಟ್ಟ ತಿರುಪನ್ನು ಒಂದೇ ಸಲಕ್ಕೆ ಬಹಳವಾಗಿ ತಿರುಗಿಸದೆ, ಕಿಂಚಿತ್ತು ಕಿಂಚಿತ್ತಾಗಿ ತಿರುಗಿಸಿ ನೋಡುವ ಸಂಯಮವೇ ಒಳ್ಳೆಯ ಕೆಲಸಗಾರನ ಲಕ್ಷಣ. ಕೆಳಗಿನ ದಾರವು ಹದಕ್ಕೆ ಬಂದ ಮೇಲೆ ಮೇಲಿನ ಟೆನ್ಷನ್ನನ್ನು ಅದಕ್ಕೆ ಹೊಂದಿಸಿ, ಎರಡು ದಾರಗಳ ಗಂಟು ಬಟ್ಟೆಯ ಮಧ್ಯದಲ್ಲಿ ಅಡಗುವಂತೆ ಮಾಡಬೇಕು.

ಇನ್ನು ಕಾಜದ ವಿಷಯ. ಸೂಜಿ ಅತ್ತಿತ್ತ ಸರಿಯಲಾರದೆಂದ ಮೇಲೆ ಸರಿಯಬೇಕಾದುದು ಬಟ್ಟೆಯೇ. ಈ ಸರಳವಾದ ತತ್ತ್ವದ ಮೇಲೆ ಕಾಜದ ಅಟ್ಯಾಚ್‌ಮೆಂಟ್ ಎಂಬ ಉಪಕರಣವು ನಿಂತಿದೆ. ಮುಷ್ಟಿಯಲ್ಲಿ ಹಿಡಿಯಬಹುದಾದ ಈ ಲೋಹದ ಪೆಟ್ಟಿಗೆಯು ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಷರ್ ಫೂಟಿನ ಸ್ಥಾನದಲ್ಲಿ ಒಂದೇ ತಿರುಪಿನಿಂದ ನೆಲೆಗೊಳ್ಳುತ್ತದೆ. ಅದರ ಕವಲುಳ್ಳ ತೋಳು ಸೂಜಿಯನ್ನು ಬಿಗಿಯುವ ತಿರುಪನ್ನು ಎರಡು ಕಡೆಯಿಂದಲೂ ತಬ್ಬಿಕೊಳ್ಳುತ್ತದೆ. ಸೂಜಿ ಏರಿಳಿದಂತೆಲ್ಲ ಆ ತೋಳೂ ಏರಿಳಿದು, ಒಳಗಿನ ಸಣ್ಣ ಚಕ್ರಗಳನ್ನು ನಡೆಸಿ, ಬಟ್ಟೆಯನ್ನು ಹಿಡಿದ ತಳವನ್ನು ಒಂದು ಹೊಲಿಗೆಗೆ ಎಡಕ್ಕೂ ಮರುಹೊಲಿಗೆಗೆ ಬಲಕ್ಕೂ ಸರಿಸುತ್ತದೆ. ಅದೇ ವೇಳೆಗೆ, ತಳದಲ್ಲಿ ಕೂರಿಸಿದ ಅಚ್ಚಿನ ಹಲ್ಲಿನ ದಾರಿಯನ್ನು ಅನುಸರಿಸಿ ಬಟ್ಟೆಯು ಕಾಜದ ಆಕಾರದಲ್ಲಿ ಒಂದು ಪ್ರದಕ್ಷಿಣೆ ಬರುತ್ತದೆ. ಬೇರೆ ಬೇರೆ ಅಳತೆಗೆ ಬೇರೆ ಬೇರೆ ಅಚ್ಚುಗಳುಂಟು. ಕೋಟಿನ ಕಾಜಕ್ಕೆ ಒಪ್ಪುವ, ಒಂದು ತುದಿ ದುಂಡಾದ ಅಚ್ಚೂ ಉಂಟು.

ಬಟ್ಟೆಯನ್ನು ನಡೆಸುವ ಅಧಿಕಾರವು ಅಟ್ಯಾಚ್‌ಮೆಂಟಿಗೆ ಸೇರಿದ ಮೇಲೆ ಯಂತ್ರದ ಸ್ವಂತ ಹಲ್ಲುಗಳು ಸುಮ್ಮನಿರಬೇಕು. ಕೆಲವು ಯಂತ್ರಗಳಲ್ಲಿ ಹಲ್ಲನ್ನು ತಗ್ಗಿಸುವ ವ್ಯವಸ್ಥೆಯುಂಟು. ಅದಿಲ್ಲದ ಹಳೆಯ ಯಂತ್ರಗಳಲ್ಲಿ ಹಲ್ಲುಗಳ ಮೇಲೆ ತೆಳುವಾದ ಮುಚ್ಚುತಗಡನ್ನು ಬಿಗಿಯಬೇಕು. ಇದನ್ನು ಮರೆತರೆ ಹಲ್ಲು ಬಟ್ಟೆಯನ್ನು ಒಂದು ಕಡೆಗೂ ಅಟ್ಯಾಚ್‌ಮೆಂಟ್ ಇನ್ನೊಂದು ಕಡೆಗೂ ಎಳೆದು ಹೊಲಿಗೆಯೆಲ್ಲ ಗುಡ್ಡೆಯಾಗುತ್ತದೆ. ಎಲ್ಲವನ್ನೂ ಬಿಗಿದಾದ ಮೇಲೆ ಗಾಲಿಯನ್ನು ಕೈಯಿಂದಲೇ ತಿರುಗಿಸಿ, ಸೂಜಿಯು ಎಲ್ಲಿಯೂ ಲೋಹಕ್ಕೆ ತಾಗದೆ ಇಳಿಯುವುದನ್ನು ಕಣ್ಣಾರೆ ಕಂಡಲ್ಲದೆ ಕಾಲನ್ನು ತುಳಿಮಣೆಯ ಮೇಲಿಡಕೂಡದು.

ಗುಂಡಿಯ ಅಗಲಕ್ಕೆ ಅದರ ದಪ್ಪವನ್ನು ಕೂಡಿಸಿದರೆ ಬರುವುದೇ ಕಾಜದ ಉದ್ದ: 11 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಗುಂಡಿಗೆ 14 ಮಿಲಿಮೀಟರಿನ ಕಾಜ. ಎರಡು ಪದರಗಳ ನಡುವೆ ಬಕ್ರಂ ಇದ್ದರೆ ಬಟ್ಟೆ ಮುದುಡದು. ಮೇಲಿನ ಟೆನ್ಷನ್ನನ್ನು ತುಸು ಸಡಿಲಿಸಿದರೆ ಗಂಟು ಕೆಳಮುಖಕ್ಕೆ ಇಳಿದು ಮೇಲ್ಮುಖವು ನಯವಾಗುತ್ತದೆ. ಬಾಬಿನ್ನಿನ ದಾರವನ್ನು ಮೊದಲೇ ಮೇಲಕ್ಕೆ ಸೆಳೆದುಕೊಂಡು, ನಿಧಾನವಾಗಿ ಸಮಗತಿಯಲ್ಲಿ ತುಳಿಯುತ್ತ, ಅಚ್ಚಿನ ಸುತ್ತ ಎರಡು ಸುತ್ತು ಬಂದರೆ ಕಾಜವು ಗಟ್ಟಿಯಾಗುತ್ತದೆ. ಅಂಗಿಯನ್ನು ಅಟ್ಯಾಚ್‌ಮೆಂಟಿನ ಕೆಳಗಿಡುವ ಮೊದಲು, ಅದೇ ಬಟ್ಟೆಯ ತುಂಡಿನ ಮೇಲೆ, ಅಷ್ಟೇ ಪದರಗಳನ್ನಿಟ್ಟು, ಒಂದು ಕಾಜವನ್ನು ಹೊಲಿದು ಗುಂಡಿಯನ್ನು ತೂರಿಸಿ ನೋಡುವುದು ಅವಶ್ಯಕ. ಸೀಳುವಾಗ ಎರಡು ತುದಿಗಳಿಗೂ ಅಡ್ಡಲಾಗಿ ಗುಂಡುಪಿನ್ನನ್ನು ಚುಚ್ಚಿ, ನಡುವಿನಿಂದ ತುದಿಗಳ ಕಡೆಗೆ ಕತ್ತರಿಸಿದರೆ ತುದಿಯ ಹೊಲಿಗೆಗೆ ಅಪಾಯವಿಲ್ಲ.

ಜಿಪ್ಪಿನ ಸಮಸ್ಯೆ ಬೇರೆ ತೆರನಾದುದು. ಎರಡು ಕಾಲುಗಳ ಸಾಮಾನ್ಯ ಫೂಟು ಜಿಪ್ಪಿನ ಉಬ್ಬಿದ ಹಲ್ಲುಗಳ ಮೇಲೆ ಓರೆಯಾಗಿ ನಿಲ್ಲುವುದರಿಂದ ಹೊಲಿಗೆಯು ಹಲ್ಲಿನ ಸಮೀಪಕ್ಕೆ ಬಾರದು. ಇದರ ಪರಿಹಾರವೇ ಒಂಟಿ ಕಾಲಿನ ಜಿಪ್ ಫೂಟು. ಅದರ ಹಿಂಬದಿಯ ತಿರುಪನ್ನು ಸಡಿಲಿಸಿದರೆ ಆ ಕಾಲು ಸೂಜಿಯ ಎಡಕ್ಕಾದರೂ ಬಲಕ್ಕಾದರೂ ಸರಿಯುತ್ತದೆ. ಜಿಪ್ಪಿನ ಹಲ್ಲು ಸೂಜಿಯ ಎಡಕ್ಕಿದ್ದರೆ ಫೂಟು ಬಲಕ್ಕೆ, ಬಲಕ್ಕಿದ್ದರೆ ಫೂಟು ಎಡಕ್ಕೆ ಇರಬೇಕು. ಸೂಜಿಯು ಫೂಟಿನ ಅಂಚಿನ ಕಚ್ಚಿನ ನಡುವೆಯೇ ಇಳಿಯುವಂತೆ ಹೊಂದಿಸಿ, ಗಾಲಿಯನ್ನು ಕೈಯಿಂದ ತಿರುಗಿಸಿ ಖಚಿತಪಡಿಸಿಕೊಂಡ ಮೇಲೆ ತಿರುಪನ್ನು ಬಿಗಿಯಬೇಕು. ಇಲ್ಲಿ ಯಂತ್ರದ ಹಲ್ಲುಗಳು ಮತ್ತೆ ಮೇಲೆ ಬಂದು ದುಡಿಯಬೇಕೆಂಬುದನ್ನು ಮರೆಯಬಾರದು. ಪದರಗಳು ದಪ್ಪವಾಗಿದ್ದರೆ, ಯಂತ್ರದ ತಲೆಯ ಮೇಲಿನ ಒತ್ತಡದ ತಿರುಪನ್ನು ಸ್ವಲ್ಪ ಸಡಿಲಿಸುವುದು ಲೇಸು.

ಹೊಲಿಯುತ್ತ ಜಿಪ್ಪಿನ ಜಾರುಗುಂಡು ಎದುರಾದಾಗ ಹೊಲಿಗೆಯನ್ನು ಸೊಟ್ಟಗೆ ಹಾಯಿಸದೆ, ಸೂಜಿಯನ್ನು ಬಟ್ಟೆಯಲ್ಲಿ ನಾಟಿಸಿ, ಫೂಟನ್ನೆತ್ತಿ, ಗುಂಡನ್ನು ಹಿಂದಕ್ಕೆ ಜಾರಿಸಿ, ಬಳಿಕ ಮುಂದುವರಿಯಬೇಕು. ಲೋಹದ ಜಿಪ್ಪಿನ ಕೆಳತುದಿಯಲ್ಲಿ ಅಡ್ಡ ಹೊಲಿಗೆಯನ್ನು ಕೈಯಿಂದ ಗಾಲಿ ತಿರುಗಿಸಿಯೇ ಹಾಕತಕ್ಕದ್ದು. ಸೂಜಿ ಲೋಹಕ್ಕೆ ಬಡಿದರೆ ಮುರಿಯುವುದು ಸೂಜಿಯೊಂದೇ ಅಲ್ಲ, ಶಟಲಿನ ಕೊಕ್ಕಿಗೂ ಗಾಯವಾಗಬಹುದು. ಇದೇ ಫೂಟು ರವಿಕೆಯ ಪೈಪಿಂಗಿಗೂ ಒದಗುತ್ತದೆ. ಒಳಗಿನ ದಾರದ ಉಬ್ಬಿಗೆ ತಾಗಿಕೊಂಡು ಹೊಲಿಯುವ ಕೆಲಸವೂ ತತ್ತ್ವತಃ ಇದೇ ತಾನೆ.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದುಂಟು. ಸಿಂಗರಿನ ಹದಿನೈದನೆಯ ವರ್ಗವು ಹತ್ತೊಂಬತ್ತನೆಯ ಶತಮಾನದ್ದು; ಗಿಡಿಯನ್ ಸುಂಡ್‌ಬ್ಯಾಕ್ ಎಂಬ ಇಂಜಿನಿಯರನು ಇಂದಿನ ಜಿಪ್ಪಿನ ರೂಪವನ್ನು ಸಾಧಿಸಿದ್ದು 1913ರಲ್ಲಿ. ತನ್ನ ಹುಟ್ಟಿನ ವೇಳೆಗೆ ಇಲ್ಲದಿದ್ದ ವಸ್ತುವೊಂದನ್ನು ಆ ಯಂತ್ರವು ತನ್ನ ಮೂಲ ಅಂಗಗಳಲ್ಲಿ ಏನನ್ನೂ ಬದಲಿಸದೆ ಸ್ವೀಕರಿಸಿತು. ಏಕೆಂದರೆ ಅದರ ನಿರ್ಮಾತೃಗಳು ಫೂಟನ್ನು ಒಂದೇ ತಿರುಪಿನಿಂದ ಕಳಚಿ ಬೇರೊಂದನ್ನು ತೊಡಿಸುವಂತೆ ಮಾಡಿ, ಮುಂದೆ ಬರಬಹುದಾದ ಅಗತ್ಯಗಳಿಗೆ ಬಾಗಿಲನ್ನು ತೆರೆದಿಟ್ಟಿದ್ದರು. ಅದು ಬಹುಕಾಲ ಬಾಳಿದ್ದಕ್ಕೆ ಅದರ ಎರಕದ ಕಬ್ಬಿಣದಷ್ಟೇ ಈ ಔದಾರ್ಯವೂ ಕಾರಣವೆಂದು ನಾನು ನಂಬುತ್ತೇನೆ.

ಅಂಗಿಯನ್ನೆಲ್ಲ ಮನೆಯಲ್ಲಿಯೇ ಹೊಲಿದು, ಕಾಜಕ್ಕಾಗಿ ಮಾತ್ರ ಬೇರೆ ಅಂಗಡಿಗೆ ಕಳುಹಿಸಿ, ಒಂದೊಂದು ಕಾಜಕ್ಕೂ ಕೂಲಿ ಕೊಡುವ ಹೊಲಿಗೆಯ ಹೆಣ್ಣುಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಅಂಥವರು ತಮ್ಮ ಯಂತ್ರದ ಫೂಟಿನ ಎತ್ತರಕ್ಕೆ ಹೊಂದುವ ಅಟ್ಯಾಚ್‌ಮೆಂಟನ್ನು ನೋಡಿ ಆರಿಸಿ ತಂದು, ಹರಕು ಬಟ್ಟೆಯ ಮೇಲೆ ಕೈಪಳಗಿಸಿಕೊಂಡರೆ, ಕತ್ತರಿಸುವುದರಿಂದ ಹಿಡಿದು ಗುಂಡಿ ಹಾಕುವವರೆಗಿನ ಕೆಲಸವೆಲ್ಲ ಅವರ ಕೈಯಲ್ಲಿಯೇ ಪೂರ್ಣವಾಗುತ್ತದೆ. ಆ ಕೂಲಿಯೂ ಅವರ ಮನೆಯಲ್ಲಿಯೇ ಉಳಿಯುತ್ತದೆ.